ಬಿಡಲು ಹೋಗುವ ಊರಿನಲ್ಲಿ ನಿಂತು ತಿನ್ನುವ ಸುಖ

ಕಾಶಿಗೆ ಹೋಗಿ ಬಂದವರು ಪಂಕ್ತಿಯಲ್ಲಿ ಕೂತರೆ ಬಡಿಸುವವರು ಒಂದು ಮಾತು ಕೇಳಿಕೊಂಡೇ ಮುಂದೆ ಹೋಗಬೇಕು: ‘ಅಲ್ಲಿ ಏನು ಬಿಟ್ಟು ಬಂದಿರಿ?’ ಒಂದು ತರಕಾರಿ, ಒಂದು ಹಣ್ಣು ಗಂಗೆಯ ದಡದಲ್ಲಿ ಬಿಟ್ಟು ಬರುವುದು ನಮ್ಮ ಕಡೆಯ ಯಾತ್ರಿಕರ ಪದ್ಧತಿ. ಹಾಗಲಕಾಯಿ ಬಿಟ್ಟವರು ಬೇಕಾದಷ್ಟು ಜನ ಸಿಗುತ್ತಾರೆ. ಮಾವಿನಹಣ್ಣು ಬಿಟ್ಟವರನ್ನು ನಾನಂತೂ ಕಂಡಿಲ್ಲ. ನಾಲಗೆಯ ಆಸೆ ಕಳೆದುಕೊಳ್ಳಲೆಂದು ನಾವು ಆರಿಸಿಕೊಂಡ ಆ ಊರು ಮಾತ್ರ ನಸುಕಿನಿಂದ ನಡುರಾತ್ರಿಯವರೆಗೆ ಬಾಯಾಡಿಸುತ್ತಲೇ ಇರುತ್ತದೆ. ಶಿವನೇ ಅನ್ನಪೂರ್ಣೆಯ ಮುಂದೆ ಭಿಕ್ಷಾಪಾತ್ರೆ ಹಿಡಿದು ನಿಂತನೆಂದು ಪುರಾಣ ಹೇಳುವ ಜಾಗ ಅದು. ಅಲ್ಲಿನ ಜನ ಇವತ್ತಿಗೂ ನಿಂತೇ ತಿನ್ನುತ್ತಾರೆ.

ಕನ್ನಡಿಗರು ಕಾಶಿಗೆ ಹೋಗುವುದು ಈಗ ಹಿಂದೆಂದಿಗಿಂತ ಸುಲಭ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಮೊದಲ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು. ಯಾತ್ರಿಕರಿಗೆ ರಾಜ್ಯ ಸರ್ಕಾರ ತಲೆಗೆ 5,000 ರೂಪಾಯಿ ಸಹಾಯಧನವನ್ನೂ ಕೊಟ್ಟಿತು. ಆದರೆ ನಮ್ಮ ಯಾತ್ರಾ ಪ್ಯಾಕೇಜುಗಳ ಜಾಹೀರಾತು ಓದಿ ನೋಡಿ. ‘ನಮ್ಮದೇ ಅಡುಗೆಯವರು ಜೊತೆಗಿರುತ್ತಾರೆ’ ಎಂಬ ಸಾಲು ದೇವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿರುತ್ತದೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಸಾರು. ವಯಸ್ಸಾದವರ ಹೊಟ್ಟೆಯ ದೃಷ್ಟಿಯಿಂದ ಇದು ತಪ್ಪಲ್ಲ. ಆದರೂ ಗೋದೌಲಿಯಾದ ಜಂಗಮವಾಡಿ ಮಠದಲ್ಲಿ ಇಳಿದುಕೊಂಡು, ಕನ್ನಡದಲ್ಲೇ ಮಾತಾಡಿಕೊಂಡು, ಒಂದಷ್ಟು ಹೆಜ್ಜೆ ದೂರದ ಚಾಟ್ ಅಂಗಡಿಯ ಮುಂದೆ ದಿನವೂ ಹಾದು ಹೋಗಿ, ಒಂದು ದೊನ್ನೆಯನ್ನೂ ಕೈಗೆತ್ತಿಕೊಳ್ಳದೆ ರೈಲು ಹತ್ತುವುದನ್ನು ಯಾವ ಪುಣ್ಯದ ಲೆಕ್ಕಕ್ಕೆ ಬರೆಯಬೇಕೋ ತಿಳಿಯದು.

ಊಟಕ್ಕಿಂತ ತಿಂಡಿಯನ್ನೇ ಹೆಮ್ಮೆಯಾಗಿಸಿಕೊಂಡ ಊರುಗಳು ಲೋಕದಲ್ಲಿ ಕೆಲವಿವೆ. ಸ್ಪೇನಿನ ಉತ್ತರ ಕರಾವಳಿಯ ಬಾಸ್ಕ್ ಸೀಮೆಯ ಸಾನ್ ಸೆಬಾಸ್ಟಿಯನ್ ಅವುಗಳಲ್ಲಿ ಹೆಸರುವಾಸಿ. ಅಲ್ಲಿನ ಹಳೇಪೇಟೆಯ ಇಕ್ಕಟ್ಟಾದ ಓಣಿಗಳ ತುಂಬ ಬಾರುಗಳು. ಬಾರಿನ ಕಟ್ಟೆಯ ಮೇಲೆ ಪಿಂಚೊ ಎಂಬ ಪುಟ್ಟ ತಿಂಡಿಗಳ ಸಾಲು. ಬ್ರೆಡ್ಡಿನ ಚೂರಿನ ಮೇಲೆ ಮೀನೋ ಮೆಣಸಿನಕಾಯಿಯೋ ಇಟ್ಟು ಕಡ್ಡಿ ಚುಚ್ಚಿರುತ್ತಾರೆ. ಒಂದು ತಿಂದು, ಸಣ್ಣ ಲೋಟದಲ್ಲಿ ವೈನ್ ಕುಡಿದು, ಮುಂದಿನ ಬಾರಿಗೆ ನಡೆಯುವುದು ರೂಢಿ. ಎಷ್ಟೋ ಕಡೆ ತಟ್ಟೆಯಲ್ಲಿ ಉಳಿದ ಕಡ್ಡಿ ಎಣಿಸಿ ಬಿಲ್ ಮಾಡುತ್ತಿದ್ದರು. ಆಲಿವ್, ಹಸಿಮೆಣಸು, ಉಪ್ಪುಮೀನು ಪೋಣಿಸಿದ ಗಿಲ್ಡಾ ಎಂಬ ಪಿಂಚೊಗೆ 1946ರ ಹಾಲಿವುಡ್ ಚಿತ್ರವೊಂದರ ನಾಯಕಿಯ ಹೆಸರು. ಒಂದೊಂದು ಬಾರು ಒಂದೊಂದು ತಿಂಡಿಗೆ ಪ್ರಸಿದ್ಧ. ಎಲ್ಲವನ್ನೂ ಒಂದೇ ಕಡೆ ಕೇಳುವವನು ಹೊರಗಿನವನೆಂದು ಗೊತ್ತಾಗಿಬಿಡುತ್ತದೆ.

ನಮ್ಮ ಕಾಶಿಯಲ್ಲಿ, ಅಂದರೆ ಬನಾರಸಿನಲ್ಲಿ, ವೈನಿನ ಮಾತಿಲ್ಲ, ಬಾರಿನ ಕಟ್ಟೆಯೂ ಇಲ್ಲ. ಉಳಿದದ್ದೆಲ್ಲ ಇದೆ. ಒಂದು ಅಂಗಡಿಗೆ ಒಂದು ಪದಾರ್ಥ. ಆ ಪದಾರ್ಥಕ್ಕೊಂದು ಹೊತ್ತು. ಅಂಗಡಿಯ ಹೆಸರು ಬರೆದುಕೊಂಡು ಹೋದರೆ ಸಾಲದು, ಗಡಿಯಾರವನ್ನೂ ನೋಡಿಕೊಳ್ಳಬೇಕು. ಬೆಳಗಿನ ತಿಂಡಿಯಾದ ಮಲೈಯೋವನ್ನು ಸಂಜೆ ಐದಕ್ಕೆ ಕೇಳಿದರೆ, ಸಂಜೆಯ ಟಮಾಟರ್ ಚಾಟನ್ನು ಬೆಳಿಗ್ಗೆ ಎಂಟಕ್ಕೆ ಕೇಳಿದರೆ ಅಂಗಡಿಯವನು ನಕ್ಕು ಬೇರೆ ಗಿರಾಕಿಯ ಕಡೆ ತಿರುಗುತ್ತಾನೆ.

ಬೆಳಗು ಕಚೋರಿಯದು. ಗಂಗಾಸ್ನಾನ, ದರ್ಶನ ಮುಗಿಸಿ ಬಂದವರು, ದೋಣಿ ಕಟ್ಟಿ ಬಂದವರು, ಸಾಮು ಮಾಡಿ ಅಖಾಡದಿಂದ ಹೊರಬಿದ್ದವರು ಎಲ್ಲರೂ ಒಂದೇ ಬಾಣಲೆಯ ಸುತ್ತ. ಉದ್ದಿನಬೇಳೆಯ ಹೂರಣಕ್ಕೆ ಇಂಗು, ಸೋಂಪು ಹಾಕಿ ಹಿಟ್ಟಿನೊಳಗೆ ತುಂಬಿ ಕರಿದದ್ದು ದೊಡ್ಡ ಕಚೋರಿ. ಅದಕ್ಕಿಂತ ಪುಟ್ಟದಾಗಿ, ಗರಿಗರಿಯಾಗಿ ಇರುವುದು ಚೋಟಿ ಕಚೋರಿ. ಜೊತೆಗೆ ಎಲೆಯ ದೊನ್ನೆಯಲ್ಲಿ ಆಲೂಗಡ್ಡೆ–ಕಡಲೆಯ ಪಲ್ಯ, ಕೆಲವು ಕಡೆ ಸಿಹಿಕುಂಬಳದ್ದು. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆಯೂ ಪಲ್ಯ ಇಷ್ಟು ಖಾರವಾಗಿ ಮಾತಾಡಬಲ್ಲದೆಂಬುದನ್ನು ನಮ್ಮ ಮಡಿ ಅಡುಗೆಯವರು ಒಮ್ಮೆ ಹೋಗಿ ನೋಡಬೇಕು. ಖಾರ ಮುಗಿಯುತ್ತಿದ್ದಂತೆ ಬಿಸಿ ಜಿಲೇಬಿ. ಠಠೇರಿ ಬಜಾರಿನ ರಾಮ್ ಭಂಡಾರ್ ಈ ಜೋಡಿಗೆ ಹೆಸರಾದ ಅಂಗಡಿ. ವಿಶ್ವನಾಥ ದೇವಾಲಯದ ಹತ್ತಿರದ ಒಂದು ಓಣಿಗಂತೂ ಕಚೋರಿ ಗಲ್ಲಿ ಎಂದೇ ಹೆಸರು.

ಶಹನಾಯಿಯ ಬಿಸ್ಮಿಲ್ಲಾ ಖಾನ್ (1916–2006) ಹುಡುಗನಾಗಿದ್ದಾಗ ಕೈಗೆ ಬಂದ ಪುಡಿಕಾಸನ್ನು ಎರಡಕ್ಕೆ ಸುರಿಯುತ್ತಿದ್ದರಂತೆ: ಸುಲೋಚನಾ ನಟಿಸಿದ ಸಿನಿಮಾಗಳಿಗೆ, ಕುಲ್ಸುಮ್ ಎಂಬಾಕೆಯ ಕಚೋರಿಗೆ. ಕಾದ ತುಪ್ಪಕ್ಕೆ ಆಕೆ ಕಚೋರಿ ಬಿಟ್ಟಾಗ ಏಳುವ ಚುಂಯ್ ಸದ್ದಿನಲ್ಲಿ ಅವರಿಗೆ ಆರೋಹ ಅವರೋಹ ಕೇಳಿಸುತ್ತಿತ್ತೆಂದು ಯತೀಂದ್ರ ಮಿಶ್ರ ಬರೆದಿದ್ದಾರೆ. ಆ ಪ್ರಬಂಧವನ್ನು ಹಿಂದಿ ಪಠ್ಯದಲ್ಲಿ ಹತ್ತನೇ ತರಗತಿಯ ಮಕ್ಕಳು ಓದುತ್ತಾರೆ. ಬನಾರಸ್ ಬಿಟ್ಟು ಬೇರೆಲ್ಲೂ ನೆಲೆಸಲೊಪ್ಪದ ಆ ಮನುಷ್ಯನ ನಿಷ್ಠೆಯಲ್ಲಿ ಗಂಗೆಯ ಪಾಲೆಷ್ಟು, ಕಚೋರಿಯ ಪಾಲೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು.

ಚಳಿಗಾಲದ ಬೆಳಗಾದರೆ ಇನ್ನೊಂದು ವಸ್ತು ಸೇರಿಕೊಳ್ಳುತ್ತದೆ. ಮಲೈಯೋ. ಹಾಲು ಕಾಯಿಸಿ, ರಾತ್ರಿಯಿಡೀ ಬಯಲಿನಲ್ಲಿ ಇಬ್ಬನಿಗಿಟ್ಟು, ಬೆಳಗಿನ ಜಾವ ಕಡೆಯುತ್ತಾರೆ. ಮೇಲೆದ್ದ ನೊರೆಯನ್ನು ಎತ್ತಿ ಎತ್ತಿ ಬೇರೆ ಪಾತ್ರೆಗೆ ತುಂಬುತ್ತಾರೆ. ಕೇಸರಿ, ಏಲಕ್ಕಿ, ಸಕ್ಕರೆ. ಚೌಖಂಬಾದ ಗೋಪಾಲ ಮಂದಿರದ ಆಸುಪಾಸಿನ ಓಣಿಗಳಲ್ಲಿ ಮಣ್ಣಿನ ಕುಡಿಕೆಗೆ ಹಳದಿ ನೊರೆಯನ್ನು ಗೋಪುರವಾಗಿ ಏರಿಸಿ ಕೊಡುತ್ತಾರೆ. ಬಾಯಿಗಿಟ್ಟರೆ ಅಗಿಯಲು ಏನೂ ಇರುವುದಿಲ್ಲ. ನೊರೆ ಮುಗಿದ ಕುಡಿಕೆಗೆ ಒಂದಿಷ್ಟು ಕೇಸರಿ ಹಾಲು ಸುರಿಯುವುದು ಅಂಗಡಿಯವನ ಮರ್ಯಾದೆ. ಇಬ್ಬನಿ ಬಿದ್ದರೇನೇ ಮಲೈಯೋ ಎಂದು ಅಲ್ಲಿನವರು ಆಣೆಯಿಟ್ಟು ಹೇಳುತ್ತಾರೆ. ನನಗನಿಸುವಂತೆ ಕೆಲಸ ಮಾಡುವುದು ಚಳಿ, ಹೆಸರು ಇಬ್ಬನಿಗೆ: ಹಾಲಿನ ಕೊಬ್ಬು ತಣ್ಣಗಾಗಿ ಗಟ್ಟಿಯಾದಾಗಲೇ ಗಾಳಿಯ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲೇರಿದರೆ ಕೊಬ್ಬು ಕರಗಿ ಗುಳ್ಳೆ ಒಡೆದು ಎಲ್ಲ ಮತ್ತೆ ಹಾಲು. ಹಾಗಾಗಿಯೇ ಹತ್ತು ಹನ್ನೊಂದರ ಹೊತ್ತಿಗೆ ವ್ಯಾಪಾರ ಮುಗಿಸಿ ಪಾತ್ರೆ ತೊಳೆದಿರುತ್ತಾರೆ. ಇದೇ ಜಾತಿಯ ನೊರೆ ಲಖನೌದಲ್ಲಿ ನಿಮಿಷ್, ದೆಹಲಿಯಲ್ಲಿ ದೌಲತ್ ಕೀ ಚಾಟ್. ಎಲ್ಲಿಯದು ಮೊದಲು ಎಂಬ ಜಗಳದಲ್ಲಿ ತಲೆ ಹಾಕದೆ ಕುಡಿಕೆ ಖಾಲಿ ಮಾಡುವುದು ಜಾಣತನ.

ಮಧ್ಯಾಹ್ನ ಊರು ತೂಕಡಿಸುತ್ತದೆ. ಸಂಜೆ ಚಾಟಿನದು. ಗೋದೌಲಿಯಾದ ಕಾಶಿ ಚಾಟ್ ಭಂಡಾರ್, ದಶಾಶ್ವಮೇಧದ ಕಡೆಯ ದೀನಾ ಚಾಟ್ ಭಂಡಾರ್ ಎರಡರ ಮುಂದೆಯೂ ನೂಕುನುಗ್ಗಲು. ಟಮಾಟರ್ ಚಾಟ್ ಎಂದರೆ ಟೊಮೆಟೊ, ಬೇಯಿಸಿದ ಆಲೂಗಡ್ಡೆಯನ್ನು ತುಪ್ಪದಲ್ಲಿ ಮಸಾಲೆಯೊಂದಿಗೆ ಜಜ್ಜಿ ಜಜ್ಜಿ ಬೇಯಿಸಿದ ಮುದ್ದೆ. ಕುಡಿಕೆಗೆ ಹಾಕಿ, ಮೇಲೆ ಜೀರಿಗೆಯ ಸಕ್ಕರೆ ಪಾಕ ಸುರಿದು, ಗರಿಗರಿ ಖಾರದ ತುಣುಕುಗಳನ್ನು ಉದುರಿಸುತ್ತಾರೆ. ಹುಳಿ, ಸಿಹಿ, ಖಾರ, ಬಿಸಿ ಒಟ್ಟಿಗೇ ಬಾಯಿಗೆ ನುಗ್ಗುತ್ತವೆ.

ಇಲ್ಲೊಂದು ಸೋಜಿಗವಿದೆ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡಗಳಿಂದ ಸಮುದ್ರ ದಾಟಿ ಬಂದವು. ನಮ್ಮ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇವು ಇಂದಿಗೂ ನಿಷಿದ್ಧ. ಪಿತೃಕಾರ್ಯಕ್ಕೆಂದು ದೇಶವೇ ಬಂದು ಸೇರುವ, ಪುರಾತನವೆಂಬ ಹೆಸರು ಹೊತ್ತ ನಗರದ ಹೆಮ್ಮೆಯ ಚಾಟ್ ಮಾತ್ರ ಈ ಪರದೇಶಿ ತರಕಾರಿಗಳಿಂದಲೇ ಆದದ್ದು. ಕಾಶಿಯ ತಿಂಡಿಗಳೆಲ್ಲ ಸಾವಿರಾರು ವರ್ಷ ಹಳೆಯವು ಎಂದು ಹೇಳುವ ಗೈಡುಗಳನ್ನು ಟಮಾಟರ್ ಚಾಟ್ ಅಂಗಡಿಯ ಮುಂದೆ ಕೊಂಚ ನಿಲ್ಲಿಸಿ ಮಾತಾಡಿಸಬೇಕು.

ಕುಡಿಯುವುದರ ವಿಷಯ. 2019ರಲ್ಲಿ ನಗರಪಾಲಿಕೆ ದೇವಾಲಯಗಳ ಸುತ್ತ 250 ಮೀಟರ್ ಒಳಗೆ ಮದ್ಯ ಮಾಂಸ ಬೇಡವೆಂದು ತೀರ್ಮಾನಿಸಿತು. ಹಾಗೆಂದು ಊರು ಒಂದೇ ರುಚಿಯದಲ್ಲ. ದಾಲ್‌ಮಂಡಿ, ನಯೀ ಸಡಕ್ ಕಡೆ ಕಬಾಬು ಬಿರಿಯಾನಿಯ ಘಮ ಬೇರೆಯೇ ಇದೆ. ಬಾಸ್ಕ್ ಜನರ ವೈನಿನ ಜಾಗದಲ್ಲಿ ಇಲ್ಲಿ ಠಂಡಾಯಿ ಇದೆ: ಬಾದಾಮಿ, ಸೋಂಪು, ಗಸಗಸೆ, ಕರ್ಬೂಜದ ಬೀಜ, ಕಾಳುಮೆಣಸು ಅರೆದು ಹಾಲಿಗೆ ಕಲಸಿದ್ದು. ಕೇಳದೆಯೇ ಭಂಗಿ ಬೆರೆಸುವುದಿಲ್ಲ. ಕೇಳಿ ಹಾಕಿಸಿಕೊಂಡವರ ಮುಂದಿನ ದರ್ಶನ ಯಾವ ದೇವರದೋ ಹೇಳಲಾಗದು. ಇನ್ನು ಅಸ್ಸಿ ಬಡಾವಣೆಯ ಪಪ್ಪು ಚಹಾ ಅಂಗಡಿ. ಕಾಶೀನಾಥ್ ಸಿಂಗ್ ಅವರ ‘ಕಾಶೀ ಕಾ ಅಸ್ಸೀ’ ಕಾದಂಬರಿಯ ಹರಟೆಯೆಲ್ಲ ಇಲ್ಲಿ ಹುಟ್ಟಿದ್ದು. 2022ರ ವಿಧಾನಸಭಾ ಚುನಾವಣೆಯ ಪ್ರಚಾರದ ನಡುವೆ ಪ್ರಧಾನಿ ಮೋದಿಯವರೂ ಬಂದು ಚಹಾ ಕುಡಿದು ಹೋದರು. ಇಲ್ಲಿ ಚಹಾ ನೆಪ, ರಾಜಕೀಯವೇ ತಿಂಡಿ.

ರಾಜಕೀಯ ತಿಂಡಿಯೊಳಗೂ ಹೊಕ್ಕಿದೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಬಾವುಟ ಹಿಡಿದವರನ್ನು ಪೊಲೀಸರು ಹಿಡಿಯುತ್ತಿದ್ದಾಗ ಇಲ್ಲಿನ ಮಿಠಾಯಿಯವರು ಬಾವುಟವನ್ನೇ ತಟ್ಟೆಯಲ್ಲಿಟ್ಟರು: ಕೇಸರಿಯ ಪದರ, ಖೋವಾದ ಬಿಳಿ, ಪಿಸ್ತಾದ ಹಸಿರು. ಈ ತಿರಂಗಿ ಬರ್ಫಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಅದಕ್ಕೂ ಹಿಂದಿನ ವರ್ಷ ಬನಾರಸಿ ಪಾನ್, ಲಂಗ್ಡಾ ಮಾವು, ರಾಮನಗರದ ಬದನೆಗೆ ಬಂದಿತ್ತು. ಪಾನಿನ ಎಲೆಯಲ್ಲಿ ಬಹುಪಾಲು ಬಿಹಾರದ ಮಗಧ ಸೀಮೆಯದು. ಅದನ್ನು ಕಾವು ಕೊಟ್ಟು ಬೆಳ್ಳಗೆ ಹಣ್ಣಾಗಿಸುವ, ನಾಜೂಕಾಗಿ ಕಟ್ಟುವ ಕೈಗುಣ ಬನಾರಸಿನದು. ಯುನೆಸ್ಕೊ ಈ ಊರನ್ನು 2015ರಲ್ಲಿ ಸಂಗೀತದ ನಗರವೆಂದು ಕರೆಯಿತು. ಆಹಾರದ ನಗರವೆಂಬ ಪಟ್ಟ 2025ರಲ್ಲಿ ಲಖನೌಗೆ ಹೋಯಿತು. ನವಾಬರ ಅಡುಗೆಮನೆಯ ಮುಂದೆ ಓಣಿಯ ದೊನ್ನೆ ಸೋಲುವುದು ಸಹಜ. ದಾಖಲೆ ಇರುವುದು ಅಡುಗೆಮನೆಗೆ, ಓಣಿಗಲ್ಲವಲ್ಲ!

ಆ ಓಣಿಗಳೇ ಈಗ ಕರಗುತ್ತಿವೆ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ವಿಶ್ವನಾಥ ಕಾರಿಡಾರಿಗಾಗಿ ದೇವಾಲಯದಿಂದ ಗಂಗೆಯವರೆಗೆ ಸುಮಾರು 300 ಕಟ್ಟಡಗಳು ನೆಲಸಮವಾದವು. ಈಗ ದರ್ಶನ ಸಲೀಸು, ನದಿ ಕಣ್ಣೆದುರಿಗೆ. ಮೊಣಕಾಲು ನೋವಿನ ಅಜ್ಜಿಯನ್ನು ಕರೆದೊಯ್ದವರು ಅದನ್ನು ಬೈಯಲಾರರು. ಆದರೆ 2025ರ ಜೂನಿನಲ್ಲಿ ರಸ್ತೆ ಅಗಲೀಕರಣಕ್ಕೆಂದು ಊರಿನ ಲಂಕಾ ಬಡಾವಣೆಯಲ್ಲಿದ್ದ ಚಾಚಿಯ ಕಚೋರಿ ಅಂಗಡಿ, ಪೈಲ್ವಾನ್ ಲಸ್ಸಿ ಅಂಗಡಿಗಳ ಮೇಲೆ ಬುಲ್ಡೋಜರ್ ಹರಿಯಿತು. ಚಾಚಿ ಗಿರಾಕಿಗಳನ್ನು ಬಾಯ್ತುಂಬ ಬೈದು ಬಡಿಸುತ್ತಿದ್ದವರು. ಬೈಸಿಕೊಳ್ಳಲೆಂದೇ ಹತ್ತಿರದ ವಿಶ್ವವಿದ್ಯಾಲಯದ ಹುಡುಗರು ತಲೆಮಾರುಗಟ್ಟಲೆ ಅಲ್ಲಿ ಸಾಲುಗಟ್ಟಿದರು. ಕಚೋರಿಯನ್ನು ಬೇರೆಡೆ ಕರಿಯಬಹುದು. ಆದರೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಅಗಲದಲ್ಲಿ, ಸರಿದು ನಿಂತ ಜಾಗವೇ ಅಂಗಡಿಯಾಗಿದ್ದಾಗ ಹುಟ್ಟಿದ ತಿಂಡಿ ಅದು. ಅಗಲ ರಸ್ತೆಯ ಬದಿಯಲ್ಲಿ ದೊನ್ನೆ ಹಿಡಿದು ಯಾರು ನಿಲ್ಲುತ್ತಾರೆ? ಅಲ್ಲಿಗೆ ಮೇಜು ಬರುತ್ತದೆ, ಮೆನು ಬರುತ್ತದೆ, ಎಲ್ಲವೂ ಎಲ್ಲ ಹೊತ್ತಿನಲ್ಲೂ ಸಿಗುವ ಹೋಟೆಲು ಬರುತ್ತದೆ.

ಹೋಗುವವರು ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವುದರೊಳಗೆ ಹೋಗಬೇಕು. ಮಲೈಯೋ ಆಗಲೇ ಹದದಲ್ಲಿರುತ್ತದೆ; ಹಸಿ ಬಟಾಣಿ ಬರುವುದರಿಂದ ತುಪ್ಪದಲ್ಲಿ ಹದ ಮಾಡಿದ ಅವಲಕ್ಕಿ–ಬಟಾಣಿಯ ಚೂಡಾ ಮಟರ್ ಕೂಡ ಆಗಲೇ. ಮಂಜಿನಿಂದ ರೈಲುಗಳು ತಾಸುಗಟ್ಟಲೆ ತಡವಾಗುವುದೂ ಆಗಲೇ, ಅದಕ್ಕೊಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ರಾತ್ರಿ ಬೇಗ ಮಲಗಿ, ಬೆಳಿಗ್ಗೆ ಮಠದಲ್ಲೋ ಛತ್ರದಲ್ಲೋ ಉಪ್ಪಿಟ್ಟಿನ ಗಂಟೆ ಬಾರಿಸುವ ಮೊದಲೇ ಹೊರಬೀಳಿ. ಒಂದು ಕಡೆ ಒಂದೇ ದೊನ್ನೆ, ಅದನ್ನೂ ಇಬ್ಬರಿಗೆ ಹಂಚಿ. ಬೇಸಿಗೆ ರಜೆಯಲ್ಲಿ ಮಾತ್ರ ಬಿಡುವಿರುವವರಿಗೆ ಮಲೈಯೋ ಇಲ್ಲ. ಜೂನಿನಲ್ಲಿ ಲಂಗ್ಡಾ ಮಾವಿದೆ. ಹಣ್ಣು ಬಿಡುವ ಸಂಕಲ್ಪ ಮಾಡುವುದಿದ್ದರೆ ಅದಕ್ಕೂ ಮೊದಲು ಒಂದು ತಿಂದು ನೋಡಿ.