ಮರಳಿನಲ್ಲಿ ದಾರಿ ಓದುವವರು

ಮರುಭೂಮಿ, ಕಲ್ಲುಬಯಲುಗಳನ್ನು ಹಾಯುತ್ತ ಹಲವು ದಿನ ನಡೆಯುವ ಮೋಟಾರು ಸ್ಪರ್ಧೆಯನ್ನು ರ‍್ಯಾಲಿ-ರೇಡ್ ಎನ್ನುತ್ತಾರೆ. 1977ರ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಸಹಾರಾದ ನಡುವೆ ದಾರಿ ತಪ್ಪಿ ಬದುಕುಳಿದ ಫ್ರಾನ್ಸಿನ ಥಿಯೆರಿ ಸಬೀನ್, ಅಲ್ಲಿಗೇ ಇತರರನ್ನೂ ಕರೆದೊಯ್ಯಬೇಕೆಂದು ಹೊರಟದ್ದರಿಂದ ಇದರ ಅತ್ಯಂತ ಹೆಸರಾಂತ ರೂಪವಾದ ಪ್ಯಾರಿಸ್–ಡಕಾರ್ ಹುಟ್ಟಿತು. 1978ರ ಡಿಸೆಂಬರ್ 26ರಂದು ಪ್ಯಾರಿಸಿನಿಂದ ಹೊರಟ 182 ವಾಹನಗಳಲ್ಲಿ, ಸುಮಾರು 10,000 ಕಿ.ಮೀ. ಕ್ರಮಿಸಿ ಸೆನೆಗಲ್‌ನ ರಾಜಧಾನಿ ಡಕಾರನ್ನು ಮುಟ್ಟಿದ್ದು 74 ಮಾತ್ರ.

ಸ್ಪರ್ಧೆಯ ಪ್ರತಿದಿನದಲ್ಲೂ ಎರಡು ಬಗೆಯ ಓಟವಿರುತ್ತದೆ: ಶಿಬಿರದಿಂದ ಸ್ಪರ್ಧಾಸ್ಥಳಕ್ಕೆ ಸಾಗುವ ಸಂಪರ್ಕ ದಾರಿ ಮತ್ತು ಗಡಿಯಾರ ಹಿಡಿದು ಅಳೆಯುವ ವಿಶೇಷ ಹಂತ. ಈ ಹಂತದ ದಾರಿಯನ್ನು ಸ್ಪರ್ಧಿ ಮೊದಲೇ ನೋಡಿರುವಂತಿಲ್ಲ. ಅವನ ಕೈಯಲ್ಲಿರುವುದು ರೋಡ್ ಬುಕ್ ಮಾತ್ರ. ಬಹುಕಾಲ ಕಾಗದದ ಸುರುಳಿಯ ರೂಪದಲ್ಲಿದ್ದ ಅದರ ಒಂದೊಂದು ಚೌಕದಲ್ಲೂ ಕ್ರಮಿಸಬೇಕಾದ ದೂರ, ತಿರುವಿನ ಚಿಕ್ಕ ರೇಖಾಚಿತ್ರ, ಹಿಡಿಯಬೇಕಾದ ದಿಕ್ಕಿನ ಡಿಗ್ರಿ ಇರುತ್ತವೆ. ಅಪಾಯವನ್ನು ಒಂದರಿಂದ ಮೂರು ಆಶ್ಚರ್ಯಸೂಚಕ ಚಿಹ್ನೆಗಳು ಅಳೆದು ತೋರಿಸುತ್ತವೆ, ಮೂರಿದ್ದಲ್ಲಿ ವೇಗ ಇಳಿಸದವನು ಉಳಿಯುವುದು ಕಷ್ಟ. ಬಂಟ್ವಾಳದಿಂದ ಮಡಂತ್ಯಾರು, ಬೆಳ್ತಂಗಡಿ ದಾಟಿ ಚಾರ್ಮಾಡಿಗೆ ಹೋಗುವ ಹೆದ್ದಾರಿಯಲ್ಲಿ ಗೊಂದಲವಾದರೆ ಯಾವುದಾದರೂ ಅಂಗಡಿಯೆದುರು ನಿಲ್ಲಿಸಿ ಕೇಳಬಹುದು. ಮರಳುದಿಬ್ಬಗಳ ನಡುವೆ ಗೊತ್ತುಪಡಿಸಿದ ಬಿಂದುವೊಂದನ್ನು ತಪ್ಪಿಸಿಕೊಂಡವನಿಗೆ ಮಾತ್ರ ದಂಡದ ಸಮಯ ಕಾದಿರುತ್ತದೆ.

ಕಾರಿನಲ್ಲಿ ಈ ಓದುವ ಕೆಲಸ ಪಕ್ಕದಲ್ಲಿ ಕುಳಿತ ನ್ಯಾವಿಗೇಟರನದು. ಬೈಕ್ ಸವಾರನಾದರೋ ಓಡಿಸುತ್ತಲೇ ಓದಬೇಕು. ಡಕಾರ್ ರ‍್ಯಾಲಿಯಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯ ಸ್ಥಾನ ಪಡೆದದ್ದೂ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾದದ್ದೂ ಬೈಕಿನಲ್ಲೇ. ಅದಕ್ಕೆ ಮೊದಲು 2017 ಮತ್ತು 2018ರಲ್ಲಿ ಗಾಯಗೊಂಡು ಅರ್ಧದಲ್ಲೇ ನಿಲ್ಲಬೇಕಾಗಿದ್ದ ಅರವಿಂದ್ ಅವರ ಈ 37ನ್ನು ಸಾಮಾನ್ಯ ಪಂದ್ಯದ ಅಂಕಪಟ್ಟಿಯಂತೆ ನೋಡುವುದು ತಪ್ಪು, ಏಕೆಂದರೆ ಇಲ್ಲಿ ಓಟ ಮುಗಿಸುವುದೇ ಮೊದಲ ಗೆಲುವು.

ಆಫ್ರಿಕಾದ ಕಾರು ರ‍್ಯಾಲಿಗಳ ಚರಿತ್ರೆಯಲ್ಲಿ ಭಾರತೀಯ ಮೂಲದ ಹೆಸರುಗಳಿಗೆ ಇನ್ನೂ ಹಿರಿಯ ಸ್ಥಾನವಿದೆ. ರಾಣಿ ಎರಡನೆಯ ಎಲಿಜಬೆತ್ ಪಟ್ಟಾಭಿಷೇಕದ ನೆನಪಿಗೆ 1953ರಲ್ಲಿ ಆರಂಭವಾದ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು ಕೆನ್ಯಾದ ಜೋಗಿಂದರ್ ಸಿಂಗ್ ಮೂರು ಬಾರಿ, ಶೇಖರ್ ಮೆಹ್ತಾ ಐದು ಬಾರಿ ಗೆದ್ದರು. ಅಲ್ಲಿ ಕಾಡುವುದು ಮರಳಲ್ಲ. ಒಣಗಿದಾಗ ಕಣ್ಣು ಕಟ್ಟುವ ಧೂಳು, ಮಳೆ ಬಿದ್ದಾಗ ಚಕ್ರವನ್ನೇ ನುಂಗುವ ಕೆಸರು. ತೊರೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗದಂತೆ ಗಾಳಿ ಎಳೆಯುವ ಕೊಳವೆಯನ್ನು ಛಾವಣಿಯ ಎತ್ತರಕ್ಕೆ ಏರಿಸಿ ಕಟ್ಟುವ ಪದ್ಧತಿ ಈ ಸ್ಪರ್ಧೆಯ ಗುರುತೇ ಆಯಿತು. ಕಾಸರಗೋಡಿನ ಮೊಗ್ರಾಲ್‌ನ ಮೂಸಾ ಶರೀಫ್ ಭಾರತದ ಅನುಭವಿ ರ‍್ಯಾಲಿ ನ್ಯಾವಿಗೇಟರುಗಳಲ್ಲಿ ಒಬ್ಬರಾಗಿರುವುದರಿಂದ ಈ ಕ್ರೀಡೆ ಕರಾವಳಿಗೆ ತೀರ ಹೊರಗಿನದೇನೂ ಅಲ್ಲ.

ಮಾರಿಟಾನಿಯಾದಲ್ಲಿ ಫ್ರೆಂಚ್ ಪ್ರವಾಸಿಗರ ಹತ್ಯೆಯಾದ ಬಳಿಕ 2008ರ ಡಕಾರ್ ರ‍್ಯಾಲಿ ರದ್ದಾಗಿ, ಮರುವರ್ಷದಿಂದ ದಕ್ಷಿಣ ಅಮೆರಿಕಕ್ಕೂ 2020ರಿಂದ ಸೌದಿ ಅರೇಬಿಯಾಕ್ಕೂ ಸ್ಥಳಾಂತರಗೊಂಡಿತು. ಹೆಸರಿನಲ್ಲಿ ಮಾತ್ರ ಡಕಾರ್ ಉಳಿದಿದೆ. ಮೊರಾಕೊ, ಮಾರಿಟಾನಿಯಾಗಳ ಮೂಲಕ ನಿಜವಾದ ಡಕಾರಿಗೇ ಹೋಗಿ ಮುಟ್ಟಬೇಕೆನ್ನುವವರಿಗಾಗಿ 2009ರಿಂದ ಆಫ್ರಿಕಾ ಇಕೋ ರೇಸ್ ಎಂಬ ಬೇರೆಯೇ ಸ್ಪರ್ಧೆ ನಡೆಯುತ್ತಿದೆ.