ಹತ್ತಕ್ಕೆ ಹತ್ತರ ಹಟ

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ 14 ವರ್ಷದ ಬಾಲೆ ನಾದಿಯಾ ಕೊಮನೆಚಿ ಜಿಮ್ನಾಸ್ಟಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಅಂಕ ಗಳಿಸಿದಾಗ ಅಂಕಫಲಕ ತೋರಿಸಿದ್ದು 1.00 ಎಂದು! 10.00 ತೋರಿಸುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ನಿಮ್ಮ ಮಗನೋ ಮಗಳೋ ಅಂಥ ಪೂರ್ಣಾಂಕ ಗಳಿಸಲೆಂಬ ಆಸೆ ನಿಮಗೂ ಇದ್ದೀತು. ತಮಾಷೆಯೆಂದರೆ, 2006ರಿಂದ ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್‌ನಲ್ಲಿ ಹತ್ತೆಂಬ ಗರಿಷ್ಠ ಅಂಕವೇ ಇಲ್ಲ.

ಪರಿಪೂರ್ಣತೆಯ ಹಂಬಲ ಆಟಗಾರನಿಗೆ ಒಳ್ಳೆಯದೇ? ಮನೋವಿಜ್ಞಾನಿಗಳು ಇದರಲ್ಲಿ ಎರಡು ಬಗೆ ಗುರುತಿಸುತ್ತಾರೆ. ಒಂದು, ಎತ್ತರದ ಗುರಿಯಿಟ್ಟು ದುಡಿಯುವುದು. ಇನ್ನೊಂದು, ತಪ್ಪಿದರೆ ಏನಾದೀತೋ, ಯಾರು ಏನೆಂದಾರೋ ಎಂಬ ಅಳುಕು. ಮೊದಲನೆಯದು ಅಭ್ಯಾಸಕ್ಕೆ ಹುರುಪು ಕೊಡುತ್ತದೆ. ಎರಡನೆಯದು ಸ್ಪರ್ಧೆಯ ಹೊತ್ತಿನಲ್ಲಿ ಕೈಕಾಲು ಕಟ್ಟಿಹಾಕುತ್ತದೆ. ಸ್ನಾಯುಗಳು ಬಿಗಿಯುತ್ತವೆ. ಸಾವಿರ ಸಲ ಮಾಡಿ ರೂಢಿಯಾದ ಚಲನೆಯನ್ನು ಮನಸ್ಸು ಮತ್ತೆ ಬಿಡಿಬಿಡಿಯಾಗಿ ಲೆಕ್ಕಹಾಕಲು ತೊಡಗಿ, ಲಯ ತಪ್ಪುತ್ತದೆ. ತಂಡದಿಂದ ಕೈಬಿಟ್ಟಾರೆಂದು ನೋವನ್ನು ಬಚ್ಚಿಟ್ಟು ಆಡಿ, ಸಣ್ಣ ಉಳುಕನ್ನು ದೊಡ್ಡ ಗಾಯ ಮಾಡಿಕೊಳ್ಳುವವರೂ ಉಂಟು.

ಶೂಟಿಂಗ್ ಪಟು ಅಭಿನವ್ ಬಿಂದ್ರಾ 2004ರ ಅಥೆನ್ಸ್‌ನಲ್ಲಿ ಫೈನಲ್ ತಲುಪಿಯೂ ಏಳನೆಯವರಾದರು. 2008ರ ಬೀಜಿಂಗ್‌ನಲ್ಲಿ ಕೊನೆಯ ಗುಂಡಿಗೆ 10.8 ಗಳಿಸಿ ಚಿನ್ನ ಗೆದ್ದರು. ಆ ಗುಂಡಿಗೆ ಸಿಗಬಹುದಾಗಿದ್ದ ಗರಿಷ್ಠ ಅಂಕ 10.9. ಆದರೆ ಗೆದ್ದ ಮೇಲೆ ತಮ್ಮನ್ನು ಖಿನ್ನತೆ ಕಾಡಿತೆಂದು ಅವರೇ ಹೇಳಿಕೊಂಡಿದ್ದಾರೆ. ಗುರಿ ಮುಟ್ಟಿದ ಮನಸ್ಸೂ ಬರಿದಾಗಬಲ್ಲದು.

1991ರಲ್ಲಿ ಹೆವಿಟ್ ಮತ್ತು ಫ್ಲೆಟ್ ಎಂಬ ಮನೋವಿಜ್ಞಾನಿಗಳು ಈ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅದರಲ್ಲಿ ಹೆತ್ತವರು ಗಮನಿಸಬೇಕಾದ ಅಂಶವೊಂದಿದೆ: 'ನಾನು ತಪ್ಪೇ ಮಾಡಬಾರದೆಂದು ಬೇರೆಯವರು ಬಯಸುತ್ತಾರೆ' ಎಂಬ ಭಾವನೆ. ಎಷ್ಟೋ ಸಲ ಇದು ಹುಟ್ಟುವುದು ಮೈದಾನದಲ್ಲಲ್ಲ, ಮನೆಯಲ್ಲಿ. ಬೆಳ್ಳಿ ಪದಕ ತಂದ ಮಗುವಿಗೆ 'ಚಿನ್ನ ಯಾಕೆ ತಪ್ಪಿತು?' ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾದರೆ ಮಗು ಏನು ತಿಳಿಯಬೇಕು? ನೆರೆಮನೆಯ ಹುಡುಗನ ಹೋಲಿಕೆಯಂತೂ ಬೇಡವೇ ಬೇಡ. ಊಟ ಹಾಕಿ, ನಿದ್ದೆ ಮಾಡಗೊಡಿ. ಆಟದ ಮಾತು ಮರುದಿನಕ್ಕಿರಲಿ. ಆಗಲೂ ಮೊದಲು ಮಗುವೇ ಹೇಳಲಿ, ಯಾವುದು ಚೆನ್ನಾಯಿತು, ಯಾವುದನ್ನು ತಿದ್ದಬೇಕು ಎಂದು.

ಸ್ಪರ್ಧೆಯ ಹಿಂದಿನ ದಿನ ಹೊಟ್ಟೆ ತೊಳಸುವುದು ಸಹಜ. ಆದರೆ ಎರಡು ವಾರ ಕಳೆದರೂ ನಿದ್ದೆ, ಹಸಿವು ಸರಿಹೋಗದಿದ್ದರೆ, ಇಷ್ಟದ ಆಟವೇ ಬೇಡವೆಂದರೆ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಉಚಿತ ದೂರವಾಣಿ 14416ರಲ್ಲಿ ಕನ್ನಡದಲ್ಲೇ ಸಲಹೆ ಕೇಳಬಹುದು.