ತಂಪಿನ ಎರಡು ಮಾರ್ಗಗಳು

ಕೆಲವು ವರ್ಷಗಳ ಹಿಂದೆ, ವೈಶಾಖದ ಬಿಸಿಲು ನೆತ್ತಿಯ ಮೇಲೆ ಉರಿಯುತ್ತಿದ್ದ ಒಂದು ಮಧ್ಯಾಹ್ನ, ಕಲಬುರಗಿಯಲ್ಲಿ ಹೊಸದಾಗಿ ಉದ್ಯೋಗಕ್ಕೆ ಸೇರಿ ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ ವಾಸವಾಗಿದ್ದ ನನ್ನ ಅಕ್ಕನ ಮಗನನ್ನು ನೋಡಲು ಹೋಗಿದ್ದೆನು. ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರದ, ನೋಟಕ್ಕೆ ಅಂದವಾದ, ಕಿವಿಗೊಟ್ಟರೆ ಮಾತ್ರ ಸದ್ದು ಕೇಳಿಸುವ ಪುಟ್ಟದೊಂದು ಫ್ರಿಜ್ಜು ಇತ್ತು. ಅದನ್ನು ತೋರಿಸುತ್ತ ಹುಡುಗನು ಬೇಸರದಿಂದ, “ಮಾವ, ಇವತ್ತು ಕಾಯಿಸಿ ಇಟ್ಟ ಹಾಲು ನಾಳೆಗೆ ಉಳಿಯುವುದಿಲ್ಲ, ದೋಸೆ ಹಿಟ್ಟು ಒಳಗೇ ಉಕ್ಕಿ ಚೆಲ್ಲುತ್ತದೆ. ಅಂಗಡಿಯವರು ಬಂದು ನೋಡಿ, ಏನೂ ಕೆಟ್ಟಿಲ್ಲ ಎಂದು ಹೇಳಿ ಹೋದರು” ಎಂದನು. ನಾನು ಒಂದು ಉಷ್ಣಮಾಪಕವನ್ನು ತರಿಸಿ, ನೀರು ತುಂಬಿದ ಲೋಟದಲ್ಲಿ ಅದನ್ನು ಮುಳುಗಿಸಿ ಪೆಟ್ಟಿಗೆಯ ಒಳಗಿಟ್ಟು, ಮರುದಿನ ಮಧ್ಯಾಹ್ನ ತೆಗೆದು ನೋಡಿದೆನು. ಕೋಣೆಯಲ್ಲಿ 39 ಡಿಗ್ರಿ ಇತ್ತು; ಪೆಟ್ಟಿಗೆಯೊಳಗೆ 20 ಡಿಗ್ರಿ. ಅಂಗಡಿಯವರ ಮಾತು ಸುಳ್ಳಾಗಿರಲಿಲ್ಲ. ಆ ಯಂತ್ರವು ತನ್ನಿಂದ ಸಾಧ್ಯವಾದುದನ್ನೆಲ್ಲ ಪ್ರಾಮಾಣಿಕವಾಗಿ ಮಾಡುತ್ತಲೇ ಇತ್ತು. ಕೊಳ್ಳುವಾಗ ಅದರ ಸ್ವಭಾವವೇನೆಂಬುದನ್ನು ಮಾತ್ರ ಹುಡುಗನಿಗೆ ಯಾರೂ ತಿಳಿಸಿರಲಿಲ್ಲ.

ಇಂದು ಪೇಟೆಯಲ್ಲಿ ಒಂದರ ಪಕ್ಕದಲ್ಲಿ ಒಂದಾಗಿ ನಿಂತಿರುವ ಚಿಕ್ಕ ಫ್ರಿಜ್ಜುಗಳಲ್ಲಿ, ಹೊರರೂಪದಿಂದ ಭೇದವೇ ಕಾಣದಿದ್ದರೂ, ಎರಡು ಬೇರೆ ಬೇರೆ ಜಾತಿಗಳಿವೆ. ಒಂದು, ನಮ್ಮೆಲ್ಲರಿಗೂ ಪರಿಚಿತವಾದ ಕಂಪ್ರೆಸರ್ ಫ್ರಿಜ್ಜು. ಇನ್ನೊಂದು, ಕಂಪ್ರೆಸರಾಗಲಿ ಅನಿಲವಾಗಲಿ ಇಲ್ಲದೆ ವಿದ್ಯುತ್ಪ್ರವಾಹದಿಂದಲೇ ನೇರವಾಗಿ ತಂಪನ್ನು ಪಡೆಯುವ ಥರ್ಮೋಎಲೆಕ್ಟ್ರಿಕ್ ಅಥವಾ ಉಷ್ಣವಿದ್ಯುತ್ ಫ್ರಿಜ್ಜು. ಇವೆರಡರ ನಡುವಿನ ಆಯ್ಕೆಯು ಬೆಲೆಯ ಅಥವಾ ಅಂದದ ಪ್ರಶ್ನೆಯೆಂದು ತೋರಬಹುದಾದರೂ, ವಾಸ್ತವವಾಗಿ ಅದು ನಾವು ವಾಸಿಸುವ ಊರಿನ ಹವೆಯ ಪ್ರಶ್ನೆ.

ಮೊದಲು ಒಂದು ಮೂಲತತ್ತ್ವವನ್ನು ಮನಗಾಣಬೇಕು. ತಂಪೆಂಬುದನ್ನು ಯಾವ ಯಂತ್ರವೂ ಹುಟ್ಟಿಸಲಾರದು; ಒಳಗಿರುವ ಶಾಖವನ್ನು ಹೊತ್ತು ಹೊರಗೆ ಹಾಕುವುದಷ್ಟೇ ಅದರಿಂದ ಆಗತಕ್ಕ ಕೆಲಸ. ನೀರು ಎತ್ತರದಿಂದ ತಗ್ಗಿಗೆ ತಾನಾಗಿಯೇ ಹರಿಯುವಂತೆ ಶಾಖವೂ ಬಿಸಿಯಾದೆಡೆಯಿಂದ ತಣ್ಣಗಾದೆಡೆಗೆ ತಾನಾಗಿಯೇ ಹರಿಯುತ್ತದೆ. ಅದನ್ನು ಹಿಂದಿರುಗಿಸಿ, ತಣ್ಣಗಿರುವಲ್ಲಿಂದ ಬಿಸಿಯಿರುವಲ್ಲಿಗೆ ಏರಿಸಬೇಕಾದರೆ, ಬಾವಿಯಿಂದ ನೀರು ಸೇದುವವನಂತೆ ಯಾರಾದರೂ ಶ್ರಮಪಡಲೇಬೇಕು. ನಮ್ಮ ಹಿರಿಯರು ಬೇಸಿಗೆಯಲ್ಲಿ ನೀರು ತುಂಬಿಡುತ್ತಿದ್ದ ಮಣ್ಣಿನ ಹೂಜಿಯಲ್ಲಿ ಈ ಶ್ರಮವನ್ನು ಒಣಗಾಳಿಯೇ ವಹಿಸಿಕೊಳ್ಳುತ್ತಿತ್ತು. ಹೂಜಿಯ ಮೈಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ, ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಂಡು ಹೋಗುವುದರಿಂದ, ಉಳಿದ ನೀರು ತಣ್ಣಗಾಗುತ್ತಿತ್ತು.

ಕಂಪ್ರೆಸರ್ ಫ್ರಿಜ್ಜು ಈ ಹೂಜಿಯ ವಂಶಕ್ಕೇ ಸೇರಿದುದು. ಅದರಲ್ಲಿ ಬಲುಬೇಗ ಆವಿಯಾಗುವ ಒಂದು ದ್ರವವನ್ನು ಕೊಳವೆಯೊಳಗೆ ಮುಚ್ಚಿಟ್ಟಿರುತ್ತಾರೆ. ಅದು ಪೆಟ್ಟಿಗೆಯ ಒಳಭಾಗದ ಸುರುಳಿಯಲ್ಲಿ ಆವಿಯಾಗುತ್ತ ಹಾಲುಮೊಸರುಗಳ ಶಾಖವನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರು ಸೆಳೆದು ಒತ್ತಿ ಬಿಸಿಮಾಡಿ ಹಿಂಬದಿಯ ಕೊಳವೆಗಳಿಗೆ ದೂಡುತ್ತದೆ. ಅಲ್ಲಿ ಅದು ತನ್ನ ಶಾಖವನ್ನು ಅಡುಗೆಮನೆಯ ಗಾಳಿಗೆ ಬಿಟ್ಟುಕೊಟ್ಟು ಪುನಃ ದ್ರವವಾಗಿ, ಕೂದಲೆಳೆಯಷ್ಟು ಸಣ್ಣ ನಾಳವೊಂದನ್ನು ಹಾದು ಒತ್ತಡ ಕಳೆದುಕೊಂಡು, ಮತ್ತೆ ಆವಿಯಾಗಲು ಸಿದ್ಧವಾಗುತ್ತದೆ. ಹೂಜಿಯ ನೀರು ಗಾಳಿಗೆ ಹೋದದ್ದು ಹೋಯಿತು. ಇಲ್ಲಿ ಹೋದುದೇ ಹಿಂದಿರುಗಿ ಬರುತ್ತದೆ.

ಕಂಪ್ರೆಸರಿನ ಈ ಮಾರ್ಗವೂ ಉಷ್ಣವಿದ್ಯುತ್ತಿನ ಮಾರ್ಗವೂ ಒಂದೇ ವರ್ಷದಲ್ಲಿ ಬೆಳಕಿಗೆ ಬಂದುವೆಂಬುದು ವಿಜ್ಞಾನದ ಇತಿಹಾಸದ ಒಂದು ಸೋಜಿಗ. 1834ರಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಜೇಕಬ್ ಪರ್ಕಿನ್ಸ್ ಎಂಬ ಯಂತ್ರಜ್ಞನು ಆವಿಯನ್ನು ಒತ್ತಿ, ದ್ರವವಾಗಿಸಿ, ಮರಳಿ ಬಳಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಅದೇ ವರ್ಷ ಫ್ರಾನ್ಸಿನಲ್ಲಿ, ಗಡಿಯಾರದ ಕಸುಬನ್ನು ಬಿಟ್ಟು ವಿಜ್ಞಾನಕ್ಕೆ ತನ್ನನ್ನು ಒಪ್ಪಿಸಿಕೊಂಡಿದ್ದ ಜಾನ್ ಪೆಲ್ಟಿಯರ್ ಎಂಬಾತನು, ಎರಡು ಬೇರೆ ಲೋಹಗಳು ಕೂಡುವ ಸಂಧಿಗಳಲ್ಲಿ ವಿದ್ಯುತ್ತನ್ನು ಹರಿಸಿದರೆ ಒಂದು ಸಂಧಿ ಬಿಸಿಯಾಗಿ ಇನ್ನೊಂದು ತಣ್ಣಗಾಗುವುದನ್ನು ಪ್ರಕಟಿಸಿದನು. ಆ ಕಾಲದಲ್ಲಿ ನಮ್ಮ ದೇಶದ ಸಿರಿವಂತರಿಗೆ ತಂಪು ಬರುತ್ತಿದ್ದುದು ಹಡಗಿನಲ್ಲಿ. ಇದಕ್ಕೆ ಹಿಂದಿನ ವರ್ಷವೇ, 1833ರಲ್ಲಿ, ಅಮೆರಿಕದ ಬಾಸ್ಟನ್ನಿನಿಂದ ಹೊರಟ ಹಡಗೊಂದು ಅಲ್ಲಿನ ಚಳಿಗಾಲದ ಮಂಜುಗಡ್ಡೆಯನ್ನು ಹೇರಿಕೊಂಡು ನಾಲ್ಕು ತಿಂಗಳ ಪ್ರಯಾಣದ ತರುವಾಯ ಕಲಕತ್ತೆಗೆ ಬಂದು ಸೇರಿತ್ತು. ಅಂಥ ಮಂಜುಗಡ್ಡೆಯನ್ನು ಕೂಡಿಡುವುದಕ್ಕೆಂದು ಮದರಾಸಿನ ಕಡಲ ತೀರದಲ್ಲಿ ಕಟ್ಟಿದ ‘ಐಸ್ ಹೌಸ್’ ಎಂಬ ಕಟ್ಟಡದಲ್ಲಿಯೇ, 1897ರಲ್ಲಿ ಪಶ್ಚಿಮ ದೇಶಗಳಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದರು.

ಪರ್ಕಿನ್ಸನ ಮಾರ್ಗವು ಬೆಳೆದು ಮನೆಮನೆಗೂ ಬಂದಿತು. ಪೆಲ್ಟಿಯರನ ಮಾರ್ಗವು ಬಹುಕಾಲ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. 1838ರಲ್ಲಿ ರಷ್ಯದ ವಿಜ್ಞಾನಿ ಲೆಂಟ್ಸ್ ಎಂಬಾತನು ಬಿಸ್ಮತ್ ಮತ್ತು ಆಂಟಿಮನಿ ಲೋಹಗಳ ಸಂಧಿಯ ಮೇಲೆ ಒಂದು ಹನಿ ನೀರನ್ನಿಟ್ಟು ವಿದ್ಯುತ್ತನ್ನು ಹರಿಸಿ ಅದನ್ನು ಮಂಜುಗಡ್ಡೆಯಾಗಿಸಿದನು; ಪ್ರವಾಹದ ದಿಕ್ಕನ್ನು ತಿರುಗಿಸಿದಾಗ ಅದೇ ಹನಿ ಕರಗಿ ನೀರಾಯಿತು. ಆದರೆ ಆ ಒಂದು ಹನಿಯಿಂದ ಒಂದು ಪೆಟ್ಟಿಗೆಯವರೆಗೆ ಬರಲು ನೂರು ವರ್ಷಗಳಿಗೂ ಮಿಕ್ಕಿ ಬೇಕಾಯಿತು. 1950ರ ದಶಕದಲ್ಲಿ ಅರೆವಾಹಕಗಳ ಅಧ್ಯಯನವು ಮುಂದುವರಿದು, ಬಿಸ್ಮತ್ ಟೆಲ್ಯುರೈಡ್ ಎಂಬ ವಸ್ತುವಿನ ಗುಣ ತಿಳಿದುಬಂದ ಮೇಲೆಯೇ ಇದು ಕಾರ್ಯಸಾಧ್ಯವಾಯಿತು. ಇಂದಿನ ಪುಟ್ಟ ಫ್ರಿಜ್ಜಿನ ಬೆನ್ನಿನಲ್ಲಿರುವುದು ಸುಮಾರು 4 ಸೆಂಟಿಮೀಟರ್ ಚಚ್ಚೌಕದ, ಬಿಸ್ಕತ್ತಿಗಿಂತ ತೆಳುವಾದ ಒಂದು ಬಿಲ್ಲೆ. ಅದರ ಎರಡು ಪಿಂಗಾಣಿ ಹಲಗೆಗಳ ನಡುವೆ ಈ ಅರೆವಾಹಕದ ನೂರಾರು ತುಣುಕುಗಳು ಜೋಡಿ ಜೋಡಿಯಾಗಿ ನಿಂತಿರುತ್ತವೆ. ವಿದ್ಯುತ್ತು ಹರಿದೊಡನೆ ಬಿಲ್ಲೆಯ ಒಂದು ಮುಖ ತಣ್ಣಗಾಗಿ ಇನ್ನೊಂದು ಬಿಸಿಯಾಗುತ್ತದೆ. ಬಿಸಿ ಮುಖದ ಶಾಖವನ್ನು ಅಲ್ಯುಮಿನಿಯಮ್ಮಿನ ರೆಕ್ಕೆಗಳೂ ಒಂದು ಚಿಕ್ಕ ಫ್ಯಾನೂ ಹೊರಗೆ ಹರಡುತ್ತವೆ.

ಇಷ್ಟು ಸರಳವೂ ಸುಂದರವೂ ಆದ ಈ ಯುಕ್ತಿಯು ದುರ್ಬಲವಾಗಲು ಕಾರಣವಿದೆ. ಬಿಲ್ಲೆಯಲ್ಲಿ ಹರಿಯುವ ವಿದ್ಯುತ್ತು, ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಕಾಯಿಸುವಂತೆ, ಬಿಲ್ಲೆಯನ್ನೂ ಕಾಯಿಸುತ್ತದೆ. ಮೇಲಾಗಿ ಬಿಸಿ ಮುಖಕ್ಕೂ ತಣ್ಣನೆಯ ಮುಖಕ್ಕೂ ನಡುವೆ ಕೆಲವೇ ಮಿಲಿಮೀಟರುಗಳ ಅಂತರವಿರುವುದರಿಂದ, ಕಷ್ಟಪಟ್ಟು ಹೊರಗೆ ಸಾಗಿಸಿದ ಶಾಖದ ಒಂದು ಪಾಲು ಅದೇ ದಾರಿಯಲ್ಲಿ ಹಿಂದಕ್ಕೆ ನುಸುಳುತ್ತದೆ. ತೂತು ಬಿದ್ದ ಕೊಡದಿಂದ ನೀರು ಸೇದುವವನ ಪಾಡು ಇದು. ಹೊರಗಿನ ಸೆಖೆ ಹೆಚ್ಚಿದಷ್ಟೂ ಗೋಡೆಗಳ ಮೂಲಕ ಒಳಗೆ ಬರುವ ಶಾಖವೂ ಹೆಚ್ಚುವುದರಿಂದ, ಕೊನೆಗೆ ಬರುವ ಶಾಖಕ್ಕೂ ಹೋಗುವ ಶಾಖಕ್ಕೂ ಸಮತೂಕವಾಗುವ ಒಂದು ಹಂತದಲ್ಲಿ ಪೆಟ್ಟಿಗೆ ನಿಂತುಬಿಡುತ್ತದೆ. ಮನೆಬಳಕೆಯ ಪೆಟ್ಟಿಗೆಗಳಲ್ಲಿ ಆ ಹಂತವು ಸಾಧಾರಣವಾಗಿ ಕೋಣೆಯ ಉಷ್ಣತೆಗಿಂತ 20 ಡಿಗ್ರಿಯಷ್ಟು ಕೆಳಗೆ.

ಆದುದರಿಂದ ಕೊಳ್ಳುವವನು ನೆನಪಿಡತಕ್ಕ ಮಾತು ಇದು: ಕಂಪ್ರೆಸರ್ ಫ್ರಿಜ್ಜು 4 ಡಿಗ್ರಿಯೆಂದರೆ 4 ಡಿಗ್ರಿಯನ್ನು ಸಾಧಿಸಲು ಹೆಣಗುತ್ತದೆ, ಬಿಸಿಲು ಹೆಚ್ಚಿದರೆ ಹೆಚ್ಚು ಹೊತ್ತು ದುಡಿಯುತ್ತದೆ; ಉಷ್ಣವಿದ್ಯುತ್ ಫ್ರಿಜ್ಜಿಗೆ ಗೊತ್ತಿರುವುದು ಕಳೆಯುವ ಲೆಕ್ಕ ಮಾತ್ರ. 25 ಡಿಗ್ರಿಯ ಕೋಣೆಯಲ್ಲಿ ಅದು 5 ಡಿಗ್ರಿಗೆ ಇಳಿದೀತು. ಬೆಂಗಳೂರಿನ ಏಪ್ರಿಲ್ ತಿಂಗಳಿನ 35 ಡಿಗ್ರಿಯಲ್ಲಿ 15. ಕಲಬುರಗಿ, ರಾಯಚೂರುಗಳ 40 ಡಿಗ್ರಿಯಲ್ಲಿ 20. ಹಾಲು, ಬೇಯಿಸಿದ ಅಡುಗೆ, ಮಾಂಸ ಮುಂತಾದುವು ಕೆಡದಿರಬೇಕಾದರೆ 5 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಉಷ್ಣತೆ ಬೇಕು. ಅದಕ್ಕಿಂತ ಮೇಲೆ ರೋಗಾಣುಗಳು ಬೇಗನೆ ವೃದ್ಧಿಯಾಗತೊಡಗುತ್ತವೆ. ಎಂದರೆ, ತಂಪು ನಮಗೆ ಅತ್ಯಂತ ಅವಶ್ಯಕವಾದ ಕಾಲದಲ್ಲಿಯೇ, ತಂಪು ಅತ್ಯಂತ ಅವಶ್ಯಕವಾದ ಊರಿನಲ್ಲಿಯೇ, ಈ ಪೆಟ್ಟಿಗೆ ನಮ್ಮ ಕೈಬಿಡುತ್ತದೆ.

ವಿದ್ಯುತ್ತಿನ ಖರ್ಚಿನ ವಿಷಯದಲ್ಲಿಯೂ ಜನರಲ್ಲಿ ಒಂದು ಭ್ರಮೆಯಿದೆ. ಪೆಟ್ಟಿಗೆ ಚಿಕ್ಕದು, 60 ವ್ಯಾಟಿನದು, ಆದುದರಿಂದ ಖರ್ಚು ಕಡಿಮೆ ಎಂದು ಭಾವಿಸುತ್ತಾರೆ. ಆದರೆ ಸೆಖೆಯ ಊರಿನಲ್ಲಿ ಅದಕ್ಕೆ ವಿರಾಮವೇ ಇಲ್ಲ. ಹಗಲಿರುಳೂ ನಡೆದರೆ 60 ವ್ಯಾಟು ದಿನಕ್ಕೆ 1.44 ಯೂನಿಟ್ಟಾಗಿ, ವರ್ಷಕ್ಕೆ 525 ಯೂನಿಟ್ಟಾಗುತ್ತದೆ. ಅದಕ್ಕಿಂತ ನಾಲ್ಕೈದು ಪಾಲು ದೊಡ್ಡದಾದ, ಹೆಚ್ಚು ನಕ್ಷತ್ರಗಳುಳ್ಳ ಒಂದು ಬಾಗಿಲಿನ ಕಂಪ್ರೆಸರ್ ಫ್ರಿಜ್ಜು ವರ್ಷಕ್ಕೆ 200 ಯೂನಿಟ್ಟಿಗಿಂತಲೂ ಕಡಿಮೆಯಲ್ಲಿ ಸಂಸಾರವನ್ನು ತೂಗಿಸುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ಆರಂಭಿಸಿದ ನಕ್ಷತ್ರದ ಚೀಟಿಯಲ್ಲಿ ವರ್ಷದ ಯೂನಿಟ್ಟುಗಳನ್ನು ಮುದ್ರಿಸಿರುತ್ತಾರೆ. ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಆ ಅಂಕೆಯನ್ನು ಓದುವುದು ಮೇಲು.

ಇನ್ನು ಕರೆಂಟು ಹೋದಾಗಿನ ಮಾತು. ಕಂಪ್ರೆಸರ್ ಫ್ರಿಜ್ಜು, ಬಾಗಿಲು ತೆಗೆಯದಿದ್ದರೆ, ಕೆಲವು ಗಂಟೆಗಳ ಕಾಲ ತನ್ನ ತಂಪನ್ನು ಕಾಪಾಡಿಕೊಳ್ಳುತ್ತದೆ. ಉಷ್ಣವಿದ್ಯುತ್ ಪೆಟ್ಟಿಗೆಯಲ್ಲಾದರೋ ಪ್ರವಾಹ ನಿಂತೊಡನೆ ಆ ಬಿಲ್ಲೆಯೇ ಶಾಖಕ್ಕೆ ಸೇತುವೆಯಾಗಿ ಹೊರಗಿನ ಬಿಸಿಯನ್ನು ಒಳಗೆ ಕರೆತರುತ್ತದೆ. ಈ ಕಾರಣದಿಂದ ಔಷಧಗಳ ವಿಷಯದಲ್ಲಿ ವಿಶೇಷ ಜಾಗರೂಕತೆ ಅಗತ್ಯ. ಇನ್ನೂ ತೆರೆಯದ ಇನ್ಸುಲಿನ್ ಸೀಸೆಯನ್ನೂ ಲಸಿಕೆಗಳನ್ನೂ 2ರಿಂದ 8 ಡಿಗ್ರಿಯೊಳಗೆ ಇಡಬೇಕೆಂಬುದು ನಿಯಮ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಲಸಿಕೆಗಾಗಿ ಬಳಸುವ ಪೆಟ್ಟಿಗೆಗಳ ಒಳಗೋಡೆಯಲ್ಲಿ ಮಂಜುಗಡ್ಡೆಯ ಪದರವಿರುವುದು ಕರೆಂಟಿಲ್ಲದ ಹೊತ್ತಿನ ರಕ್ಷಣೆಗಾಗಿಯೇ. ಕೋಣೆಯ ಹವೆಯೊಡನೆ ಏರಿಳಿಯುವ ಪೆಟ್ಟಿಗೆಯನ್ನು ನಂಬಿ ಮನೆಯ ಹಿರಿಯರ ಇನ್ಸುಲಿನ್ನನ್ನು ಅದರಲ್ಲಿಡುವುದು ಸರಿಯಲ್ಲ.

ಹಾಗೆಂದು ಪೆಲ್ಟಿಯರನ ಸಾಧನವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಫ್ಯಾನೊಂದನ್ನು ಬಿಟ್ಟರೆ ಚಲಿಸುವ ಅಂಗವೇ ಅದರಲ್ಲಿಲ್ಲ. ಕಂಪನವಿಲ್ಲ, ಸೋರುವ ಅನಿಲವಿಲ್ಲ, ಓರೆಯಾದರೂ ಅಲುಗಿದರೂ ಬಾಧೆಯಿಲ್ಲ. 12 ವೋಲ್ಟಿನಿಂದ ನಡೆಯುವುದರಿಂದ ಕಾರಿನಲ್ಲಿಯೂ ಇಡಬಹುದು. ಪ್ರವಾಹದ ದಿಕ್ಕು ಬದಲಿಸಿದೊಡನೆ ತಂಪು ಬಿಸಿಯಾಗುವ, ಡಿಗ್ರಿಯ ಅಂಶದಷ್ಟು ಸೂಕ್ಷ್ಮವಾಗಿ ಹತೋಟಿಗೆ ಬರುವ ಅದರ ಗುಣವು ಪ್ರಯೋಗಶಾಲೆಯಲ್ಲಿ ಅಮೂಲ್ಯವಾದುದು. ಕೋವಿಡ್ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಯಂತ್ರಗಳು ಮಾದರಿಯನ್ನು ಕ್ಷಣಕ್ಷಣಕ್ಕೆ ಕಾಯಿಸಿ ತಣಿಸುವುದು ಬಹುಮಟ್ಟಿಗೆ ಇಂಥ ಬಿಲ್ಲೆಗಳಿಂದಲೇ. ಚಿಕ್ಕದಾದುದನ್ನು ಕರಾರುವಾಕ್ಕಾಗಿ ತಣಿಸುವುದು ಅದರ ಧರ್ಮ; ಸಂಸಾರದ ಹಾಲು ತರಕಾರಿಗಳ ಭಾರವನ್ನು ಅದರ ಮೇಲೆ ಹೊರಿಸಿದುದು ನಮ್ಮ ತಪ್ಪು.

ಕಂಪ್ರೆಸರಿಗೂ ತನ್ನದೇ ಆದ ದೋಷಗಳಿದ್ದುವು, ಇವೆ. ಹಿಂದೆ ಅದರಲ್ಲಿ ತುಂಬುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ನುಗಳು ವಾಯುಮಂಡಲದ ಓಜೋನ್ ಪದರವನ್ನು ಸವೆಸುತ್ತವೆಂಬುದು 1974ರಲ್ಲಿ ತಿಳಿದುಬಂದು, 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಲೋಕವೇ ಅವನ್ನು ತ್ಯಜಿಸತೊಡಗಿತು. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವ ಐಸೋಬ್ಯೂಟೇನ್ ಓಜೋನಿಗೆ ನಿರಪಾಯಕಾರಿ. ಆದರೆ ಅಡುಗೆ ಅನಿಲದ ಬಂಧುವಾದುದರಿಂದ ಹತ್ತಿಕೊಳ್ಳುವ ಗುಣವುಳ್ಳದ್ದು. ಒಳಗಿರುವುದು ಕೆಲವು ಹತ್ತು ಗ್ರಾಮುಗಳಷ್ಟೇ ಆದರೂ, ಮಂಜನ್ನು ಚಾಕುವಿನಿಂದ ಕೆರೆಯಬಾರದು. ದುರಸ್ತಿಯನ್ನು ಬಲ್ಲವರಿಂದಲೇ ಮಾಡಿಸಬೇಕು. ಮನೆ ಬದಲಿಸುವಾಗ ನೆಟ್ಟಗೆ ಸಾಗಿಸಿ, ಕೆಲವು ಗಂಟೆ ಸುಮ್ಮನಿರಿಸಿ ಅನಂತರ ನಡೆಸಬೇಕು.

ಈ ಎಲ್ಲವನ್ನೂ ಕೂಡಿಸಿ ಹೇಳುವುದಾದರೆ, ಹಾಲು, ಹಿಟ್ಟು, ಉಳಿದ ಅಡುಗೆಗಳನ್ನು ಕಾಪಾಡಬೇಕಾದವರು, ಒಂಟಿಯಾಗಿ ವಾಸಿಸುವವರಾದರೂ, ಚಿಕ್ಕದಾದ ಕಂಪ್ರೆಸರ್ ಫ್ರಿಜ್ಜನ್ನೇ ಆರಿಸುವುದು ಯುಕ್ತ. ಸುಮಾರು 50 ಲೀಟರಿನವೂ ದೊರೆಯುತ್ತವೆ. ಕಾರಿನಲ್ಲಿ ನೀರು, ಮಲಗುವ ಕೋಣೆಯಲ್ಲಿ ನಿಶ್ಶಬ್ದವಾಗಿ ನಾಲ್ಕು ಹಣ್ಣು, ಪೂಜೆಗೆ ಒಂದು ಮೊಳ ಮಲ್ಲಿಗೆ, ಇಷ್ಟು ಸಾಕೆನ್ನುವವರಿಗೆ ಉಷ್ಣವಿದ್ಯುತ್ ಪೆಟ್ಟಿಗೆ ಸಲ್ಲುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, “ಇದರಲ್ಲಿ ಕಂಪ್ರೆಸರ್ ಇದೆಯೆ?” ಎಂಬುದು. ಇಲ್ಲವೆಂದರೆ, ನಮ್ಮ ಊರಿನ ಬೇಸಿಗೆಯ ಮಧ್ಯಾಹ್ನದಿಂದ 20ನ್ನು ಕಳೆದು ನೋಡಬೇಕು.

ನನ್ನ ಅಕ್ಕನ ಮಗನು ಆ ವರ್ಷವೇ ಕಂಪ್ರೆಸರ್ ಫ್ರಿಜ್ಜೊಂದನ್ನು ಕೊಂಡು, ಹಳೆಯ ಪೆಟ್ಟಿಗೆಯನ್ನು ಸಕಲೇಶಪುರದ ತಾಯಿಯ ಮನೆಗೆ ಸಾಗಿಸಿದನು. ಮಾರ್ಗಶಿರದ ಚಳಿಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ, ಅಕ್ಕನು ಅದರ ಬಾಗಿಲು ತೆರೆದು, ಎರಡು ದಿನದ ಹಿಂದೆ ಕಡೆದ ಬೆಣ್ಣೆಯನ್ನು ತೆಗೆದು ರೊಟ್ಟಿಗೆ ಹಾಕಿದಳು. ಅದು ಗಟ್ಟಿಯಾಗಿ, ಹುಳಿಯಿಲ್ಲದೆ ಇತ್ತು. ಲೋಟದ ನೀರಿನಲ್ಲಿ ಅದೇ ಉಷ್ಣಮಾಪಕವನ್ನು ಇಟ್ಟು ನೋಡಿದೆನು. ಕೋಣೆಯಲ್ಲಿ 23 ಡಿಗ್ರಿ, ಪೆಟ್ಟಿಗೆಯಲ್ಲಿ 4. ಕಲಬುರಗಿಯಲ್ಲಿ ಕಳೆದಿದ್ದ ಹತ್ತೊಂಬತ್ತನ್ನೇ ಅದು ಇಲ್ಲಿಯೂ ಕಳೆದಿತ್ತು.